ನಮ್ಮ ಮನೆ ಹುಡುಗಿ ಆಸ್ಟ್ರೇಲಿಯಾಕ್ಕೆ ಓಡಿದರೆ ದ್ರೋಹವೇ?

ಪ್ರಶ್ನೆ: ನಾವು ಭಾಲ್ಕಿಯವರು. ನನ್ನ ತಮ್ಮ ಇಪ್ಪತ್ತು ವರ್ಷದಿಂದ ಆಸ್ಟ್ರೇಲಿಯಾದಲ್ಲಿದ್ದಾನೆ. ಅವನ ಮಗಳು ಹುಟ್ಟಿದ್ದು ಮೆಲ್ಬರ್ನ್‌ನಲ್ಲಿ, ಈಗ 17 ವರ್ಷ. ಅಲ್ಲಿಯ ಪಾಸ್‌ಪೋರ್ಟ್ ಇದೆ, ನಮ್ಮ ಸರ್ಕಾರದ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡೂ ಇದೆ. 800 ಮೀಟರ್ ಓಡುತ್ತಾಳೆ. ಅಲ್ಲಿಯ ಜೂನಿಯರ್ ತಂಡಕ್ಕೆ ಆಯ್ಕೆಯಾಗಬಹುದು ಎಂದು ಕೋಚ್ ಹೇಳಿದ್ದಾರಂತೆ. ನನ್ನ ಅಪ್ಪನವರಿಗೆ 84. ಸುದ್ದಿ ಕೇಳಿದವರೇ, ‘ನಮ್ಮ ಮನಿ ಕೂಸು ಮಂದಿ ದೇಶದ ಬಾವುಟ ಹೊತ್ಗೊಂಡು ಓಡಿದ್ರ ಅದು ದೇಶದ್ರೋಹ, ನಾ ನೋಡಂಗಿಲ್ಲ’ ಅಂದರು. ತಮ್ಮ ಫೋನ್ ಇಟ್ಟುಬಿಟ್ಟ, ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಅವಳು ಭಾರತಕ್ಕೇ ಓಡಬಹುದಲ್ಲ ಎನ್ನುವುದು ಅಪ್ಪನ ವಾದ. ಹಾಗೆ ಆಗುತ್ತದೆಯೇ? ಇನ್ನೊಂದು: ಏಷ್ಯನ್ ಗೇಮ್ಸ್‌ನಲ್ಲಿ ಬಹರೇನ್ ಪರವಾಗಿ ಓಡುವ ಆಫ್ರಿಕಾದವರನ್ನು ‘ದುಡ್ಡಿಗೆ ಬಂದವರು’ ಎಂದು ನಾವೇ ಬೈದಿದ್ದೇವೆ. ಅವರಿಗೂ ನಮ್ಮ ಹುಡುಗಿಗೂ ಏನು ವ್ಯತ್ಯಾಸ?

ಉತ್ತರ: ಅಕ್ಕಾವ್ರೇ, ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಮ್ಮನ ಮಗಳು ಆಸ್ಟ್ರೇಲಿಯಾಕ್ಕೆ ಓಡಿದರೆ ಅದು ದ್ರೋಹವಲ್ಲ. ತಾನು ಹುಟ್ಟಿದ, ಓಡಲು ಕಲಿತ, ನಾಳೆ ಓಟು ಹಾಕಲಿರುವ ದೇಶಕ್ಕೆ ಅವಳು ಓಡುತ್ತಾಳೆ. ಹಾಗಂತ ನಿಮ್ಮ ಅಪ್ಪನವರ ಸಿಟ್ಟನ್ನು ‘ಹಳೇ ಕಾಲದವರು, ಬಿಡ್ರಿ’ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮನೆಯ ಕೂಸು ಮೇಲೆ ಬರುವ ಹೊತ್ತಿಗೆ ಅದರ ಹೆಸರಿನ ಮುಂದೆ ಬೇರೆ ದೇಶದ ಹೆಸರು ಕಂಡರೆ ಆಗುವ ಸಂಕಟ ಸುಳ್ಳಲ್ಲ. ನಾನು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸಿದವನು, ಅಥ್ಲೆಟಿಕ್ಸ್ ಕೂಟಗಳಲ್ಲಿ ಅಧಿಕಾರಿಯಾಗಿ ಬಿಸಿಲಿಗೆ ನಿಂತವನು. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಚೆನ್ನಾಗಿ ಓಡುತ್ತಿದ್ದ ಮಕ್ಕಳು ಬೆಂಗಳೂರಿನ ಕ್ರೀಡಾ ಹಾಸ್ಟೆಲ್‌ಗೆ, ಅಲ್ಲಿಂದ ರೈಲ್ವೆಗೆ, ಸೇನೆಗೆ ಹೋದಾಗ ನನಗೂ ಕರುಳು ಚುರುಕ್ಕೆಂದಿದೆ. ರಾಷ್ಟ್ರೀಯ ಕೂಟಗಳಲ್ಲಿ ರೈಲ್ವೆ, ಸರ್ವಿಸಸ್ ತಂಡಗಳು ರಾಜ್ಯಗಳ ಎದುರೇ ಓಡುತ್ತವೆ. ಕನ್ನಡದ ಹುಡುಗಿ ರೈಲ್ವೆ ಬನಿಯನ್ ತೊಟ್ಟು ಕರ್ನಾಟಕದವಳನ್ನು ಹಿಂದೆ ಹಾಕಿದ್ದನ್ನು ನಾವು ಕಂಡಿದ್ದೇವೆ. ‘ಪಾಪ, ನೌಕರಿ ಸಿಕ್ತು, ಬದುಕಿದಳು’ ಎನ್ನುತ್ತೇವೆಯೇ ಹೊರತು ಯಾರೂ ಅವಳನ್ನು ರಾಜ್ಯದ್ರೋಹಿ ಎಂದಿಲ್ಲ. ದೇಶದ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಕೊರಳು ಬಿಗಿಯುತ್ತದೆ.

‘ಭಾರತಕ್ಕೇ ಓಡಬಹುದಲ್ಲ’ ಎನ್ನುವುದು ಕಾನೂನಿನ ಮಾತಾದ್ದರಿಂದ ಅದನ್ನು ಮೊದಲು ಬಿಡಿಸೋಣ. ಈಗಿರುವ ಸ್ಥಿತಿಯಲ್ಲಿ ಅವಳು ಭಾರತದ ಪರ ಓಡುವಂತಿಲ್ಲ. ನಮ್ಮ ದೇಶ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಇನ್ನೊಂದು ದೇಶದ ಪೌರತ್ವ ತೆಗೆದುಕೊಂಡ ದಿನವೇ ಭಾರತದ್ದು ಹೋಗುತ್ತದೆ. 2005ರ ಹೊತ್ತಿಗೆ ಬಂದ ಓಸಿಐ ಕಾರ್ಡ್ ವೀಸಾದ ತೊಂದರೆಯಿಲ್ಲದೆ ಬಂದು ಹೋಗಲು, ಇಲ್ಲಿ ಇರಲು, ಓದಲು ಅನುಕೂಲ. ಅದರಿಂದ ಓಟು ಹಾಕಲಾಗದು, ದೇಶದ ತಂಡದಲ್ಲೂ ಜಾಗವಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ಭಾರತವನ್ನು ಪ್ರತಿನಿಧಿಸಬೇಕು ಎಂದು ಕೇಂದ್ರ ಕ್ರೀಡಾ ಇಲಾಖೆ 2008ರ ಡಿಸೆಂಬರ್‌ನಲ್ಲಿ ಗೆರೆ ಎಳೆಯಿತು. ಅದಕ್ಕೂ ಮುಂಚೆ ಅಮೆರಿಕದ ಪೌರರಾಗಿದ್ದ ಪ್ರಕಾಶ್ ಅಮೃತರಾಜ್ ಡೇವಿಸ್ ಕಪ್‌ನಲ್ಲಿ ಭಾರತಕ್ಕೆ ಟೆನಿಸ್ ಆಡಿದ್ದರು. ಆ ನಿಯಮ ಬಂದ ಮೇಲೆ ಅವರಿಗೂ ಬಾಗಿಲು ಮುಚ್ಚಿತು. ಆಮೇಲೆ ಬರಬೇಕೆಂದವರು ಹಳೆಯ ಪಾಸ್‌ಪೋರ್ಟ್ ಬಿಟ್ಟೇ ಬಂದಿದ್ದಾರೆ. ಅಪ್ಪ ಭಾರತೀಯ, ಅಮ್ಮ ಜಪಾನಿ ಆಗಿದ್ದ ಅರಾಟಾ ಇಜುಮಿ ಜಪಾನಿನ ಪೌರತ್ವ ಬಿಟ್ಟುಕೊಟ್ಟು 2013ರಲ್ಲಿ ಭಾರತದ ಫುಟ್‌ಬಾಲ್ ತಂಡಕ್ಕೆ ಆಡಿದರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ತೊರೆದು ನಮ್ಮದನ್ನು ಪಡೆದರು. ಇಬ್ಬರೂ ಬೆಳೆದು ನಿಂತ ವೃತ್ತಿಪರ ಆಟಗಾರರು, ಅವರ ದುಡಿಮೆ ಇಲ್ಲೇ ಇತ್ತು. ಹದಿನೇಳರ ಹುಡುಗಿಯ ಮಾತು ಬೇರೆ.

ಅವಳು ಆ ದಾರಿ ಹಿಡಿಯುವುದಾದರೆ ಏನೇನು ಬೇಕು? 18 ತುಂಬಿರಬೇಕು. ಓಸಿಐ ಆಗಿ ಐದು ವರ್ಷ ಕಳೆದಿರಬೇಕು. ಅರ್ಜಿ ಹಾಕುವ ಮುಂಚಿನ 12 ತಿಂಗಳು ಭಾರತದಲ್ಲಿ ವಾಸವಿರಬೇಕು. ಕೊನೆಗೆ ಆಸ್ಟ್ರೇಲಿಯಾದ ಪೌರತ್ವ ಬಿಡಬೇಕು. ಅಂದರೆ ತನ್ನ ಕೋಚ್, ಟ್ರ್ಯಾಕ್, ಕಾಲೇಜು, ಅಪ್ಪ ಅಮ್ಮನನ್ನು ಬಿಟ್ಟು, ಓಟಗಾರ್ತಿಯ ಮೈ ಗಟ್ಟಿಯಾಗುವ ವಯಸ್ಸಿನಲ್ಲಿ ಇಲ್ಲಿಗೆ ಬಂದು ಕೂಡಬೇಕು. ಆ ವರ್ಷದಲ್ಲಿ ಒಂದು ಗಾಯವಾದರೆ ಎರಡೂ ಕಡೆ ಇಲ್ಲದಂತಾದಾಳು. ಮುತ್ಯಾನ ಮನಸ್ಸು ತಣಿಸಲು ಒಂದು ಮಗು ಇಷ್ಟು ತೆರಬೇಕು ಎಂದು ನಾನಂತೂ ಹೇಳಲಾರೆ.

ಅಥ್ಲೆಟಿಕ್ಸ್‌ನಲ್ಲಿ ಇನ್ನೊಂದು ಬಿಗಿ ಇದೆ. ಒಮ್ಮೆ ಅಂತರರಾಷ್ಟ್ರೀಯ ಕೂಟದಲ್ಲಿ ಒಂದು ದೇಶಕ್ಕೆ ಓಡಿದವರು ಬೇರೆ ದೇಶಕ್ಕೆ ಬದಲಾಗಬೇಕಾದರೆ ಮೂರು ವರ್ಷ ಕಾಯಬೇಕು. 20 ವರ್ಷ ತುಂಬುವ ಮುಂಚೆ ಬದಲಾಗುವಂತಿಲ್ಲ. ಪೂರ್ಣ ಪೌರತ್ವ ಕೊಟ್ಟಿದ್ದಕ್ಕೆ ನಂಬಬಹುದಾದ ಸಾಕ್ಷಿಯನ್ನು ಹೊಸ ದೇಶ ಒದಗಿಸಬೇಕು. ಒಲಿಂಪಿಕ್ಸ್ ಸನ್ನದಿನಲ್ಲೂ ಇದೇ ಮೂರು ವರ್ಷದ ಕಾಯುವಿಕೆ ಇದೆ, ಹಳೆಯ ದೇಶ ಒಪ್ಪಿದರೆ ಅದನ್ನು ಇಳಿಸಲು ಬರುತ್ತದೆ.

ಕ್ರಿಕೆಟ್ಟಿನಿಂದಾಗಿ ನಮ್ಮ ಜನಕ್ಕೆ ಇಲ್ಲಿ ಗೊಂದಲ ಆಗುತ್ತದೆ. ಅಲ್ಲಿ ಪೌರತ್ವವೇ ಬೇಕೆಂದಿಲ್ಲ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಲ್ಲಿ ಸಿಕ್ಕ ಮೀಸಲಾತಿಗೆ ಹುಟ್ಟು ಇಲ್ಲವೇ ವಾಸ ನೋಡುವ ಹಾಗೆ ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆ ಐಸಿಸಿ ಕೂಡ ಹುಟ್ಟು, ಪೌರತ್ವ ಇಲ್ಲವೇ ಮೂರು ವರ್ಷದ ವಾಸ ನೋಡುತ್ತದೆ. ಸೌರಭ್ ನೇತ್ರವಾಲ್ಕರ್ 2010ರ 19 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತಕ್ಕೆ ಬೌಲ್ ಮಾಡಿದ ಮುಂಬೈ ಹುಡುಗ. ಮೇಲಿನ ತಂಡದಲ್ಲಿ ಜಾಗ ಸಿಗಲಿಲ್ಲ, ಓದಲೆಂದು ಅಮೆರಿಕಕ್ಕೆ ಹೋದರು, ಸಾಫ್ಟ್‌ವೇರ್ ನೌಕರಿ ಹಿಡಿದರು. 2024ರ ಜೂನ್‌ನಲ್ಲಿ ಟಿ20 ವಿಶ್ವಕಪ್ಪಿನ ನ್ಯೂಯಾರ್ಕ್ ಪಂದ್ಯದಲ್ಲಿ ಅಮೆರಿಕದ ಪರ ಆಡಿ ರೋಹಿತ್, ಕೊಹ್ಲಿ ಇಬ್ಬರನ್ನೂ ಔಟ್ ಮಾಡಿದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಬರುತ್ತಿದೆ. ಅಲ್ಲಿ ನಡೆಯುವುದು ಒಲಿಂಪಿಕ್ಸ್ ನಿಯಮ, ಪೌರತ್ವ ಇಲ್ಲದವರು ಆಡುವಂತಿಲ್ಲ. ವಾಸದ ಲೆಕ್ಕದಲ್ಲಿ ಆಡುತ್ತಿರುವ ಎಷ್ಟೋ ಮಂದಿಗೆ ಆಗ ಈ ಪ್ರಶ್ನೆ ಎದುರಾಗುತ್ತದೆ.

ಇನ್ನು ಬಹರೇನ್. ನೀವು ಬೈದದ್ದಕ್ಕೆ ಕಾರಣ ಇಲ್ಲದಿಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ (ಅಡ್ಡಗಟ್ಟೆ, ನೀರಿನ ಗುಂಡಿ ಹಾರಿ ಓಡುವ ಓಟ) ನಮ್ಮ ಸುಧಾ ಸಿಂಗ್ ಬೆಳ್ಳಿಗೆ ನಿಂತದ್ದು ಕೆನ್ಯಾದಲ್ಲಿ ಹುಟ್ಟಿ ಬಹರೇನ್‌ಗೆ ಓಡಿದ ವಿನ್‌ಫ್ರೆಡ್ ಯಾವಿ ಅವರ ಹಿಂದೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದೇ ಯಾವಿ ಹಿಂದೆ ಪಾರುಲ್ ಚೌಧರಿ ಬೆಳ್ಳಿ, ಪ್ರೀತಿ ಲಾಂಬಾ ಕಂಚು. 1500 ಮೀಟರ್‌ನಲ್ಲೂ ಯಾವಿಯೇ ಮೊದಲು, ಹರ್‌ಮಿಲನ್ ಬೈನ್ಸ್ ಎರಡನೆಯವರು. ಜಕಾರ್ತಾದ 4×400 ಮಿಶ್ರ ರಿಲೇಯಲ್ಲಿ ಕರ್ನಾಟಕದ ಎಂ.ಆರ್. ಪೂವಮ್ಮ ಇದ್ದ ನಮ್ಮ ತಂಡ ಬಹರೇನ್ ಹಿಂದೆ ಬೆಳ್ಳಿ ಪಡೆಯಿತು. ಬಹರೇನ್ ತಂಡದಲ್ಲಿದ್ದ, ನೈಜೀರಿಯಾದಲ್ಲಿ ಹುಟ್ಟಿದ ಕೆಮಿ ಅಡೆಕೋಯಾ ಉದ್ದೀಪನ ಮದ್ದಿನಲ್ಲಿ ಸಿಕ್ಕಿಬಿದ್ದದ್ದರಿಂದ 2020ರಲ್ಲಿ ಆ ಚಿನ್ನ ನಮಗೆ ಬಂತು. ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ತುಂಬಿದ ಕ್ರೀಡಾಂಗಣದಲ್ಲಿ ನಮ್ಮ ರಾಷ್ಟ್ರಗೀತೆ ಕೇಳಿ ನಿಲ್ಲುವ ಆ ಗಳಿಗೆ ಪೂವಮ್ಮನವರಿಗೂ ಜೊತೆಯವರಿಗೂ ತಪ್ಪಿಹೋಯಿತು, ಅದನ್ನು ಯಾರೂ ವಾಪಸ್ ಕೊಡಲಾರರು.

ಆದರೂ ಯಾವಿ ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರು 2024ರ ಪ್ಯಾರಿಸ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು. ಕೆನ್ಯಾದಲ್ಲಿ ಒಂದೊಂದು ಓಟಕ್ಕೆ ವಿಶ್ವ ಮಟ್ಟದವರು ಹತ್ತಾರು ಮಂದಿ ಇದ್ದಾರೆ, ಒಲಿಂಪಿಕ್ಸ್‌ಗೆ ಒಂದು ದೇಶದಿಂದ ಹೋಗಬಹುದಾದವರು ಮೂವರೇ. ನಾಲ್ಕನೆಯವರು ಏನು ಮಾಡಬೇಕು? ಮಳೆ ಕೈಕೊಟ್ಟ ವರ್ಷ ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಪುಣೆಗೋ ಮುಂಬೈಗೋ ಗುಳೆ ಹೋಗುವವರನ್ನು ನಾವು ಊರುಗಳ್ಳರು ಎನ್ನುವುದಿಲ್ಲ. ನನ್ನ ಸಿಟ್ಟು ಓಟಗಾರರನ್ನು ಸಾಮಾನಿನ ಹಾಗೆ ಕೊಳ್ಳುವ ವ್ಯವಸ್ಥೆಯ ಮೇಲೆ. ಸ್ಟೀಫನ್ ಚೆರೊನೊ ಎಂಬ ಕೆನ್ಯಾದ ಹುಡುಗ 2003ರಲ್ಲಿ ಕತಾರ್‌ಗೆ ಬದಲಾಗಿ ಸೈಫ್ ಸಯೀದ್ ಶಾಹೀನ್ ಆದ. ಆ ವರ್ಷದ ಪ್ಯಾರಿಸ್ ವಿಶ್ವ ಕೂಟದಲ್ಲಿ ಸ್ಟೀಪಲ್‌ಚೇಸ್ ಗೆದ್ದ, ಅದೇ ಓಟದಲ್ಲಿ ಅವನ ಅಣ್ಣ ಕೆನ್ಯಾ ಬನಿಯನ್ ತೊಟ್ಟು ಓಡಿದ್ದ. ಮರುವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಓಡಲು ಕೆನ್ಯಾ ಒಪ್ಪಿಗೆ ಕೊಡಲಿಲ್ಲ. ಆತ ಮನೆಯಲ್ಲೇ ಉಳಿಯಬೇಕಾಯಿತು, ಮೂರೂ ಪದಕ ಕೆನ್ಯಾದವರಿಗೆ ಹೋದವು. ಒಲಿಂಪಿಕ್ಸ್ ಮುಗಿದ ಕೆಲವೇ ದಿನಕ್ಕೆ ಬ್ರಸೆಲ್ಸ್‌ನಲ್ಲಿ ಆತ ಓಡಿದ 7 ನಿಮಿಷ 53.63 ಸೆಕೆಂಡಿನ ವಿಶ್ವ ದಾಖಲೆ 2023ರವರೆಗೂ ಯಾರಿಗೂ ಸಿಗಲಿಲ್ಲ. ಅಂಥ ಕಾಲು ಇದ್ದೂ ಒಂದೇ ಒಂದು ಒಲಿಂಪಿಕ್ ಪದಕ ಆತನಿಗೆ ಇಲ್ಲ. ಇದನ್ನು ಓದಿದಾಗಲೆಲ್ಲ ನನಗೆ ದುಃಖವೇ ಆಗುತ್ತದೆ.

ಇಂಥ ವ್ಯವಹಾರ ಅತಿಯಾದ ಮೇಲೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2017ರ ಫೆಬ್ರುವರಿಯಲ್ಲಿ ದೇಶ ಬದಲಾವಣೆಗಳನ್ನೇ ಪೂರ್ತಿ ನಿಲ್ಲಿಸಿತು. ಮರುವರ್ಷ ಹೊಸ ನಿಯಮ ತಂದಿತು. ನಾನು ಮೇಲೆ ಹೇಳಿದ ಮೂರು ವರ್ಷ, 20ರ ವಯಸ್ಸು ಎಲ್ಲ ಆಗ ಬಂದವು. ವಯಸ್ಸಿನ ನಿಯಮದ ಉದ್ದೇಶ ಹದಿಹರೆಯದ ಮಕ್ಕಳನ್ನು ದಲ್ಲಾಳಿಗಳಿಂದ ಕಾಯುವುದು. ನಿಮ್ಮ ಹುಡುಗಿಗೂ ಇವರಿಗೂ ವ್ಯತ್ಯಾಸ ಇಲ್ಲಿದೆ ನೋಡ್ರಿ. ಅವಳನ್ನು ಯಾರೂ ಕೊಂಡಿಲ್ಲ. ಅವಳು ಬದಲಾಗುತ್ತಲೂ ಇಲ್ಲ. ಬದಲಾಗು ಎಂದು ಕೇಳುತ್ತಿರುವುದು ಅಪ್ಪನವರು.

ದೇಶ ಬದಲಿಸಿದವರೆಲ್ಲ ಒಂದೇ ತೂಕದವರಲ್ಲ. ನಯೀಮ್ ಸುಲೇಮಾನೋಗ್ಲು ಅವರ ಕಥೆಯನ್ನು ಅಪ್ಪನವರಿಗೆ ಹೇಳಿ. ಬಲ್ಗೇರಿಯಾದಲ್ಲಿದ್ದ ತುರ್ಕಿ ಜನಾಂಗದ ವೇಟ್‌ಲಿಫ್ಟರ್, ಕುಳ್ಳು ಆಳು, ತನ್ನ ತೂಕದ ಮೂರು ಪಟ್ಟು ತಲೆಯ ಮೇಲೆತ್ತುತ್ತಿದ್ದವರು. 1980ರ ದಶಕದ ನಡುವೆ ಅಲ್ಲಿಯ ಸರ್ಕಾರ ತುರ್ಕರ ಹೆಸರುಗಳನ್ನೆಲ್ಲ ಬಲವಂತವಾಗಿ ಬದಲಿಸಿತು. ಇವರಿಗೂ ಹೊಸ ಹೆಸರು ಅಂಟಿಸಿದರು. 1986ರಲ್ಲಿ ಮೆಲ್ಬರ್ನ್‌ಗೆ, ನಿಮ್ಮ ಹುಡುಗಿ ಹುಟ್ಟಿದ ಊರಿಗೇ, ಸ್ಪರ್ಧೆಗೆಂದು ಬಂದವರು ತಪ್ಪಿಸಿಕೊಂಡು ತುರ್ಕಿ ಸೇರಿದರು. ಕಾಯುವ ಅವಧಿ ಮನ್ನಾ ಮಾಡಿಸಲು ತುರ್ಕಿ ಬಲ್ಗೇರಿಯಾಕ್ಕೆ ದೊಡ್ಡ ಮೊತ್ತ ತೆತ್ತಿತು. 1988ರ ಸೋಲ್‌ನಲ್ಲಿ ವಿಶ್ವ ದಾಖಲೆಗಳೊಂದಿಗೆ ಚಿನ್ನ, 1992ರಲ್ಲಿ, 1996ರಲ್ಲಿ ಮತ್ತೆ ಚಿನ್ನ. ಇಲ್ಲೂ ದುಡ್ಡು ಕೈ ಬದಲಾಯಿತು, ಇಲ್ಲೂ ಹೆಸರು ಬದಲಾಯಿತು. ಆದರೆ ಈ ಮನುಷ್ಯನನ್ನು ದ್ರೋಹಿ ಎನ್ನುವ ಧೈರ್ಯ ಯಾರಿಗಿದೆ? ಹುಟ್ಟಿದ ದೇಶವೇ ಮೊದಲು ಅವರ ಹೆಸರು ಕಿತ್ತುಕೊಂಡಿತ್ತು.

ಇಥಿಯೋಪಿಯಾದಿಂದ 15ರ ವಯಸ್ಸಿಗೆ ನಿರಾಶ್ರಿತಳಾಗಿ ನೆದರ್‌ಲೆಂಡ್ಸ್ ಸೇರಿದ ಸಿಫಾನ್ ಹಸನ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದರು. ಅದೇ ಪ್ಯಾರಿಸ್‌ನಲ್ಲಿ ಪುರುಷರ ಟ್ರಿಪಲ್ ಜಂಪ್‌ನ ಮೂರು ಪದಕ ಸ್ಪೇನ್, ಪೋರ್ಚುಗಲ್, ಇಟಲಿಗೆ ಹೋದವು. ಗೆದ್ದ ಮೂವರೂ ಕ್ಯೂಬಾದಲ್ಲಿ ಹುಟ್ಟಿದವರು. ಮೂವರು ಒಳ್ಳೆಯ ಮಕ್ಕಳು ಮನೆ ಬಿಟ್ಟರೆ ಮಕ್ಕಳನ್ನಷ್ಟೇ ಕೇಳಿದರೆ ಸಾಲದು, ಮನೆಯಲ್ಲಿ ಏನಾಯಿತು ಎಂದೂ ಕೇಳಬೇಕು.

ಬಂದವರು ನಮ್ಮವರಾಗುವುದು ಬೀದರ್ ಜಿಲ್ಲೆಯವರಾದ ನಿಮಗೆ ಹೊಸದಲ್ಲ. ಮಹಮೂದ್ ಗವಾನ್ ಇರಾನಿನ ಗೀಲಾನ್‌ನಿಂದ ಬಂದವನು. ಬಹಮನಿ ರಾಜ್ಯದ ಪ್ರಧಾನಿಯಾದ, 1472ರಲ್ಲಿ ಬೀದರ್‌ನಲ್ಲಿ ಮದರಸಾ ಕಟ್ಟಿಸಿದ. ಹೊರಗಿನಿಂದ ಬಂದ ಆಫಾಕಿಗಳು, ಇಲ್ಲಿಯೇ ನೆಲೆನಿಂತ ದಖನಿಗಳು ಎಂದು ಆ ದರ್ಬಾರು ಒಡೆದುಹೋಗಿತ್ತು. ಶತ್ರು ರಾಜನಿಗೆ ಗವಾನ್ ಬರೆದನೆಂದು ಒಂದು ಸುಳ್ಳು ಪತ್ರ ಹುಟ್ಟಿಸಿದರು, ಸುಲ್ತಾನ ನಂಬಿದ, 1481ರಲ್ಲಿ ಆ ಮುದುಕನ ತಲೆ ಹೊಡೆಸಿದ. ಆಮೇಲೆ ಬಹಮನಿ ರಾಜ್ಯ ಚೇತರಿಸಿಕೊಳ್ಳಲೇ ಇಲ್ಲ, ಐದು ಹೋಳಾಯಿತು. ಇವತ್ತು ಊರಿಗೆ ಬಂದ ನೆಂಟರನ್ನು ನಾವು ಮೊದಲು ಕರೆದೊಯ್ಯುವುದು ಗವಾನನ ಮದರಸಾಕ್ಕೆ. ಅದು ಇರಾನಿನದು ಎಂದು ಯಾವ ಬೀದರಿನವನೂ ಹೇಳಿದ್ದು ನಾನು ಕೇಳಿಲ್ಲ.

ನಮ್ಮ ಕ್ರಿಕೆಟ್ಟನ್ನೇ ತೆಗೆದುಕೊಳ್ಳಿ. ಕಲಬುರಗಿಯ ಎನ್.ವಿ. ಮೈದಾನದಲ್ಲಿ ಬ್ಯಾಟ್ ಹಿಡಿದ ಪ್ರತಿ ಹುಡುಗನ ಕನಸು ರಣಜಿ ಟ್ರೋಫಿ. ಆ ಹೆಸರಿನ ರಣಜಿತ್‌ಸಿಂಹಜಿ 1896ರಿಂದ 1902ರವರೆಗೆ ಆಡಿದ 15 ಟೆಸ್ಟ್‌ಗಳೂ ಇಂಗ್ಲೆಂಡಿನ ಪರವಾಗಿ. ಆಗ ಭಾರತಕ್ಕೆ ಟೆಸ್ಟ್ ತಂಡವೇ ಇರಲಿಲ್ಲ ನಿಜ. ಅವರ ಸೋದರನ ಮಗ ದುಲೀಪ್‌ಸಿಂಹಜಿ ಕೂಡ ಇಂಗ್ಲೆಂಡಿಗೇ ಆಡಿದವರು, ಅವರ ಹೆಸರಲ್ಲೂ ಟ್ರೋಫಿ ಇದೆ. ಇಫ್ತಿಕಾರ್ ಅಲಿ ಖಾನ್ ಪಟೌಡಿ ಇಂಗ್ಲೆಂಡಿಗೆ ಆಡಿದ ಮೇಲೆ 1946ರಲ್ಲಿ ಭಾರತದ ನಾಯಕರಾದರು. ಇವರನ್ನೆಲ್ಲ ನಮ್ಮವರು ಎನ್ನುತ್ತೇವೆ, ಎನ್ನಲೇಬೇಕು. ಬೆಂಗಳೂರು ಮೂಲದ ದಂಪತಿಗೆ ವೆಲಿಂಗ್ಟನ್‌ನಲ್ಲಿ ಹುಟ್ಟಿದ ರಚಿನ್ ರವೀಂದ್ರ 2024ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 134 ಹೊಡೆದರು. ಭಾರತ ಮೊದಲ ಇನಿಂಗ್ಸ್‌ನಲ್ಲಿ 46ಕ್ಕೆ ಉದುರಿದ್ದ ಟೆಸ್ಟ್ ಅದು, ನ್ಯೂಜಿಲೆಂಡ್ 36 ವರ್ಷಗಳ ಮೇಲೆ ಇಲ್ಲಿ ಟೆಸ್ಟ್ ಗೆದ್ದಿತು. ಅವತ್ತು ನನಗೆ ಸೋಲಿನ ನೋವೂ ಆಯಿತು, ಆ ಹುಡುಗನ ಆಟಕ್ಕೆ ಎದೆಯೂ ತುಂಬಿತು. ಎರಡೂ ಒಂದೇ ಎದೆಯಲ್ಲಿದ್ದವು, ಒಂದನ್ನೊಂದು ತಿನ್ನಲಿಲ್ಲ.

ಕೊನೆಗೆ ಅಪ್ಪನವರ ವಿಷಯ. ಅವರಿಗೆ 84 ಎಂದಿರಿ. ಹಾಗಾದರೆ ಅವರು ಹುಟ್ಟಿದಾಗ ಭಾಲ್ಕಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1947ರ ಆಗಸ್ಟ್ 15ಕ್ಕೆ ದೇಶವೆಲ್ಲ ತ್ರಿವರ್ಣ ಹಾರಿಸಿದಾಗ ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಅದನ್ನು ಹಾರಿಸುವುದೇ ಅಪರಾಧ. ಸ್ವತಂತ್ರ ಭಾರತ ಲಂಡನ್ ಒಲಿಂಪಿಕ್ಸ್‌ನ ಹಾಕಿ ಫೈನಲ್‌ನಲ್ಲಿ ಬ್ರಿಟನ್ನನ್ನು 4–0ಯಿಂದ ಸೋಲಿಸಿ ಮೊದಲ ಚಿನ್ನ ಗೆದ್ದದ್ದು 1948ರ ಆಗಸ್ಟ್ 12ರಂದು. ಹೈದರಾಬಾದ್ ಭಾರತಕ್ಕೆ ಸೇರಿದ್ದು ಸೆಪ್ಟೆಂಬರ್ 17ರಂದು. ಆ ಚಿನ್ನ ಬಂದ ದಿನ ಭಾಲ್ಕಿಯ ಈ ಹುಡುಗ ಕಾಗದದ ಲೆಕ್ಕದಲ್ಲಿ ಭಾರತದ ಪ್ರಜೆಯಲ್ಲ. ಒಂದು ಹೆಜ್ಜೆ ಎತ್ತಿಡದೆಯೇ ಅವರ ಬಾವುಟ ಬದಲಾಯಿತು, 1956ರಲ್ಲಿ ರಾಜ್ಯವೂ ಬದಲಾಯಿತು. ಅದಕ್ಕಾಗಿ ನಿಜಾಮರ ಪರ ನಿಂತಿದ್ದ ರಜಾಕಾರರ ಪಡೆಯ ಕೈಯಲ್ಲಿ ನಮ್ಮ ಭಾಗದ ಜನ ಪಟ್ಟ ಪಾಡು ಅವರ ಮನೆಯವರಿಗೂ ನೆನಪಿರುತ್ತದೆ. ತ್ರಿವರ್ಣ ಅವರಿಗೆ ಸುಮ್ಮನೆ ಸಿಕ್ಕದ್ದಲ್ಲ, ಅದಕ್ಕೇ ಅಷ್ಟು ಬಿಗಿಯಾಗಿ ಹಿಡಿದಿದ್ದಾರೆ. ಅವರ ಸಿಟ್ಟಿನ ಬೇರು ಅಲ್ಲಿದೆ ಎಂದು ನನ್ನ ಎಣಿಕೆ, ಅದನ್ನು ಗೌರವಿಸಿಯೇ ಮಾತಾಡಬೇಕು.

ಆ ಲಂಡನ್ ತಂಡದ ಬಗ್ಗೆ ಅವರಿಗೆ ಇನ್ನೊಂದು ಹೇಳಿ. ಅದರಲ್ಲಿದ್ದ ಲತೀಫ್ ಉರ್ ರೆಹಮಾನ್, ಅಖ್ತರ್ ಹುಸೇನ್ ಇಬ್ಬರೂ ಆಮೇಲೆ ಪಾಕಿಸ್ತಾನಕ್ಕೆ ಹೋದರು. 1956ರ ಮೆಲ್ಬರ್ನ್ ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು 1–0ಯಿಂದ ಸೋಲಿಸಿತು, ಅವರಿಬ್ಬರಿಗೆ ಎದುರಿನ ತಂಡದ ಬೆಳ್ಳಿ ಬಂತು. ದೇಶವೇ ಎರಡಾದ ಕಾಲದಲ್ಲಿ ಆ ಮನುಷ್ಯರ ಮನಸ್ಸಿನಲ್ಲಿ ಏನಿತ್ತೋ. ಅವರು ಗೆದ್ದುಕೊಟ್ಟ 1948ರ ಚಿನ್ನವನ್ನಂತೂ ನಾವು ಇವತ್ತಿಗೂ ನಮ್ಮ ಲೆಕ್ಕದಲ್ಲೇ ಎಣಿಸುತ್ತೇವೆ.

ತಮ್ಮನೂ ಅಪ್ಪನೂ ಮೊದಲು ಮಾತಾಡಲಿ ಎಂದು ನೀವು ಕಾಯಬೇಡಿ. ಆ ಹುಡುಗಿಯಿಂದಲೇ ಮುತ್ಯಾನಿಗೆ ಫೋನ್ ಮಾಡಿಸಿ. ಬಾವುಟದ ಮಾತು ಬೇಡ, ತನ್ನ 800 ಮೀಟರ್ ಎಷ್ಟು ನಿಮಿಷ ಎಷ್ಟು ಸೆಕೆಂಡ್, ಎರಡನೆಯ ಸುತ್ತಿನಲ್ಲಿ ಕಾಲು ಎಲ್ಲಿ ಬಿಗಿಯುತ್ತದೆ, ಕೋಚ್ ಏನು ಬೈಯುತ್ತಾರೆ ಎಂದು ಹೇಳಲಿ. ಅವಳ ಕನ್ನಡ ತೊದಲಿದರೂ ಅಡ್ಡಿಯಿಲ್ಲ.

ತಮ್ಮನಿಗೆ ಮಾತ್ರ ಒಂದು ವಿಷಯ ಗಟ್ಟಿಯಾಗಿ ಹೇಳಿ. ಅಂತರರಾಷ್ಟ್ರೀಯ ಕೂಟಕ್ಕೆ ಆಯ್ಕೆಯಾಗಿ ಆಸ್ಟ್ರೇಲಿಯಾ ಬನಿಯನ್ನಿನಲ್ಲಿ ಒಮ್ಮೆ ಓಡಿದ ಮೇಲೆ ಮೂರು ವರ್ಷದ ನಿಯಮ ಲೆಕ್ಕಕ್ಕೆ ಬರುತ್ತದೆ. ಅದು ಹುಡುಗಿಗೆ ಮುಂಚೆಯೇ ಗೊತ್ತಿರಲಿ, ಆಯ್ಕೆ ಅವಳದಾಗಿರಲಿ. ಅಪ್ಪನದೂ ಬೇಡ, ಮುತ್ಯಾನದೂ ಬೇಡ. ಓಡಿದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. 22ಕ್ಕೋ 23ಕ್ಕೋ ಅವಳಿಗೇ ಇಲ್ಲಿಗೆ ಬಂದು ಇರಬೇಕು, ಇಲ್ಲಿಯವಳಾಗಿ ಓಡಬೇಕು ಅನಿಸಿದರೆ ಕಾನೂನಿನಲ್ಲಿ ದಾರಿ ಇದೆ. ಓಸಿಐ ಕಾರ್ಡ್ ಅಲ್ಲಿಯವರೆಗೆ ಚಾಲ್ತಿಯಲ್ಲಿರಲಿ. ಪಾಸ್‌ಪೋರ್ಟ್ ಹೊಸದು ಮಾಡಿಸಿದಾಗ ಅದರ ವಿವರವನ್ನು ಓಸಿಐ ದಾಖಲೆಗೆ ಸೇರಿಸುವುದನ್ನು ಬಹಳ ಜನ ಮರೆಯುತ್ತಾರೆ, ನಿಮ್ಮ ತಮ್ಮ ಮರೆಯದಿರಲಿ.